ಸೊನ್ನೆಗೆ ನೂರಕ್ಕೆ ನೂರು ಮೀಸಲಾತಿ!



ನಿಮ್ಮ ರಸ್ತೆಯ ಗುಂಡಿ ಮುಚ್ಚುವವನು ಯಾರ ನೌಕರ? ಸರ್ಕಾರಿ ಕೆಲಸಕ್ಕೆಂದು ಜೀಪು, ಟಿಪ್ಪರು ಓಡಿಸುವವನು ಯಾರ ನೌಕರ? 'ಇನ್ಯಾರ, ಸರ್ಕಾರದ ನೌಕರ' ಎನ್ನುತ್ತೀರಿ. ಹೋಗಿ ಅವನನ್ನೇ ಕೇಳಿ. ಹತ್ತರಲ್ಲಿ ಹಲವರು 'ನಾನು ಏಜೆನ್ಸಿ ಕಡೆಯವನು ಸಾರ್' ಎನ್ನುತ್ತಾರೆ. ಗಾಡಿ ಓಡುವುದು ಸರ್ಕಾರಕ್ಕೆ, ಬೆವರು ಕನ್ನಡಿಗನದು, ಆದರೆ ಯಜಮಾನ ಮಾತ್ರ ಕಂಟ್ರಾಕ್ಟರ್!

ನಾನು ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಕಾನೂನು ಪಂಡಿತನಲ್ಲ. ಆದರೆ ಯಾರು ಏನು ಅಚ್ಚು ಹಾಕಿಸುತ್ತಾರೆ ಎನ್ನುವುದು ಗೊತ್ತು. ಈಚೆಗೆ ಒಬ್ಬ ಗುತ್ತಿಗೆದಾರ ಗಾಡಿಗಳ ಲಾಗ್‌ಬುಕ್ಕು, ಡ್ರೈವರುಗಳ ಸಂಬಳ ಚೀಟಿ ಮಾಡಿಸಲು ಬಂದ. ಎಲ್ಲವೂ ಇಂಗ್ಲಿಷಿನಲ್ಲಿ. 'ಕನ್ನಡದಲ್ಲೇ ಮಾಡಿಕೊಡುತ್ತೇನೆ, ಒಂದು ಪೈಸೆ ಹೆಚ್ಚು ಬೇಡ' ಎಂದೆ. ಆತ ನಕ್ಕು ಹೇಳಿದ: 'ಬೇಡ ಸ್ವಾಮಿ, ಓದಿಕೊಂಡರೆ ಲೆಕ್ಕ ಕೇಳ್ತಾರೆ.'

ಕಟ್ಟು ಒಯ್ಯಲು ಬಂದ ಡ್ರೈವರು ಏಳು ವರ್ಷದಿಂದ ಸರ್ಕಾರಿ ಕೆಲಸದ ಗಾಡಿ ಓಡಿಸುತ್ತಿದ್ದಾನೆ. ಚೀಟಿಯಲ್ಲಿದ್ದ ಪಿ.ಎಫ್. ಕಲಂ ತೋರಿಸಿ ಓದಿ ಹೇಳಿದೆ. ತನ್ನ ಸಂಬಳದಲ್ಲಿ ಅಂಥದ್ದೊಂದು ಹಿಡಿಯುತ್ತಾರೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ! ಕನ್ನಡ ಬರೀ ನವೆಂಬರ್ ತಿಂಗಳ ಬಾವುಟ ಎಂದುಕೊಂಡವರು ಇದನ್ನು ಕೇಳಿಸಿಕೊಳ್ಳಿ. ಕನ್ನಡ ಎಂದರೆ ಆ ಡ್ರೈವರಿನ ಪಿ.ಎಫ್. ದುಡ್ಡು.

ಈಗ ಅಸಲು ವಿಷಯಕ್ಕೆ ಬರೋಣ. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. ರಾಜ್ಯದಲ್ಲಿರುವ ಕೇಂದ್ರ ಸರ್ಕಾರಿ ಕಚೇರಿ, ಉದ್ದಿಮೆಗಳ ಸಿ ಮತ್ತು ಡಿ ದರ್ಜೆಯ ಕೆಲಸ ನೂರಕ್ಕೆ ನೂರು ಕನ್ನಡಿಗರಿಗೇ ಸಿಗಲಿ ಎಂದಿತು. ಡ್ರೈವರು, ಹೆಲ್ಪರು, ಖಲಾಸಿ ಎಲ್ಲರೂ ಈ ದರ್ಜೆಯವರೇ. ಅಂದಿನಿಂದ ನಾವು 'ಮಹಿಷಿ ವರದಿ ಜಾರಿಯಾಗಲಿ' ಎಂದು ಕೂಗುತ್ತಲೇ ಇದ್ದೇವೆ. ಕೂಗಬೇಕಾದದ್ದೇ. ಆದರೆ ನಾವು ಬೀದಿಯಲ್ಲಿ ಕೂಗುತ್ತಿದ್ದಾಗ ಆಳುವವರು ಒಳಗೆ ಕೂತು ಹುದ್ದೆಯನ್ನೇ ಟೆಂಡರಿಗೆ ಹಾಕಿಬಿಟ್ಟರು. ಹುದ್ದೆಯೇ ಇಲ್ಲದ ಮೇಲೆ ಮೀಸಲಾತಿ ಯಾವುದಕ್ಕೆ? ಸೊನ್ನೆಯ ನೂರು ಪರ್ಸೆಂಟ್ ಸೊನ್ನೆಯೇ!

ನಮ್ಮ ರಾಜ್ಯದ ಚರಿತ್ರೆಯನ್ನೇ ನೋಡಿ. 1984ರ ಜುಲೈ 1ರಿಂದ ದಿನಗೂಲಿ ನೇಮಕ ಮಾಡಬಾರದು ಎಂದು ಸರ್ಕಾರವೇ ಆದೇಶ ಮಾಡಿತು. ಆಮೇಲೂ ನೇಮಿಸಿಕೊಂಡದ್ದು ಅದೇ ಸರ್ಕಾರದ ಇಲಾಖೆಗಳು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1990ರಲ್ಲಿ ಖಾಯಂ ಆಗುವ ದಾರಿ ತೆರೆಸಿದರು. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಆ ದಾರಿಗೆ ಅಡ್ಡಗಟ್ಟೆ ಹಾಕಿತು. ಅದೂ ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಮೊಕದ್ದಮೆಯೇ. ಹಿಂಬಾಗಿಲ ನೇಮಕ ನಿಲ್ಲಲಿ ಎನ್ನುವುದು ಆ ತೀರ್ಪಿನ ಆಶಯ. ನಮ್ಮ ಅಧಿಕಾರಿಗಳು ಮಾಡಿದ್ದೇನು? ಹಿಂಬಾಗಿಲು ಮುಚ್ಚಿದರು, ಮುಂಬಾಗಿಲನ್ನೂ ತೆರೆಯಲಿಲ್ಲ. ಏಜೆನ್ಸಿಗಳಿಗೆ ಕಿಟಕಿ ತೆರೆದರು!

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಜಗ್ಗೋ ಪ್ರಕರಣದಲ್ಲಿ ಉಮಾದೇವಿ ತೀರ್ಪಿನ ದುರ್ಬಳಕೆಯನ್ನು ಖಂಡಿಸಿತು. ಕಸ ಗುಡಿಸುವವರು, ತೋಟದ ಕೆಲಸದವರು ಗೆದ್ದ ಮೊಕದ್ದಮೆ ಅದು. ನಮ್ಮ ವಿಧಾನಸೌಧಕ್ಕೆ ಕಿವಿ ಕೇಳಿಸುತ್ತದೆಯೇ?

'ಹೊರಗುತ್ತಿಗೆಗೆ ನಾವು ಷರತ್ತು ಹಾಕಲಾಗದು' ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2024ರ ಮೇ ತಿಂಗಳಲ್ಲಿ ಹೊರಗುತ್ತಿಗೆ ಕೆಲಸಗಳಲ್ಲೂ ಜಾತಿವಾರು ಮೀಸಲಾತಿ ಪಾಲಿಸಬೇಕೆಂದು ಇದೇ ಸರ್ಕಾರ ಸುತ್ತೋಲೆ ಹೊರಡಿಸಿತು. ಅದು ಸರಿಯಾದ ಕೆಲಸ. ಅದಕ್ಕೆ ಷರತ್ತು ಹಾಕಲು ಬರುತ್ತದೆ, ಕನ್ನಡಕ್ಕೆ ಹಾಕಲು ಬರುವುದಿಲ್ಲವೇ?

ಇನ್ನೊಂದು ಕಟುಮಾತು. ಹಾರೆ, ಗುದ್ದಲಿ, ಸ್ಟಿಯರಿಂಗ್ ಹಿಡಿಯುವುದು ಕೀಳು ಎನ್ನುವ ಚಾಳಿ ನಮ್ಮಲ್ಲೂ ಬೆಳೆದಿದೆ. ಮಳೆಗಾಲದ ರಾತ್ರಿ ಚರಂಡಿಗೆ ಇಳಿಯುವವನ ಕೆಲಸ ಕೀಳಲ್ಲ, ಅವನಿಗೆ ಗಂಬೂಟು, ಕೈಗವಸು ಕೊಡದ ವ್ಯವಸ್ಥೆ ಕೀಳು. ಹಾಗೆಯೇ ಬೇರೆ ರಾಜ್ಯದಿಂದ ಬಂದ ಬಡ ಕೂಲಿಯವನ ಮೇಲೆ ಕೈ ಎತ್ತಬೇಡಿ. ಅವನೂ ಅದೇ ಗಾಣಕ್ಕೆ ಸಿಕ್ಕ ಕಬ್ಬು. ನಿಮ್ಮ ಸಿಟ್ಟು ಗಾಣದ ಮಾಲೀಕನ ಮೇಲಿರಲಿ.

ಏನು ಮಾಡಬೇಕು? ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅಚ್ಚಗನ್ನಡದಲ್ಲಿ. ನಿಮ್ಮ ಪಾಲಿಕೆಯಲ್ಲಿ, ಲೋಕೋಪಯೋಗಿ ಉಪವಿಭಾಗದಲ್ಲಿ ಮಂಜೂರಾದ ಚಾಲಕ ಹುದ್ದೆ, ಡಿ ದರ್ಜೆ ಹುದ್ದೆ ಎಷ್ಟು? ಖಾಲಿ ಎಷ್ಟು? ಏಜೆನ್ಸಿ ಮೂಲಕ ದುಡಿಯುವವರು ಎಷ್ಟು? ಈ ಮೂರು ಅಂಕಿ ಕೈಗೆ ಬಂದ ಮೇಲೆ ಧರಣಿ ಕೂರೋಣ. ಖಾಲಿ ಹುದ್ದೆ ತುಂಬಿ, ದುಡಿದವರನ್ನು ಮೊದಲು ಪರಿಗಣಿಸಿ. ಅಲ್ಲಿಯವರೆಗೆ ಪ್ರತಿ ಟೆಂಡರಿನಲ್ಲೂ ಕನ್ನಡಿಗರಿಗೆ ಆದ್ಯತೆ, ಕನ್ನಡದಲ್ಲಿ ನೇಮಕ ಪತ್ರ, ಕನ್ನಡದಲ್ಲಿ ಸಂಬಳ ಚೀಟಿ ಎಂಬ ಷರತ್ತು ಬರೆಯಿರಿ. ಇದಕ್ಕಿಂತ ಕಡಿಮೆಗೆ ಏಳಬಾರದು.

ಆ ಗುತ್ತಿಗೆದಾರ ಹೆದರುವುದು ನಮ್ಮ ಘೋಷಣೆಗಲ್ಲ, ನಮ್ಮ ಓದಿಗೆ. ಓದೋಣ. ಲೆಕ್ಕ ಕೇಳೋಣ!

ಜೈ ಕರ್ನಾಟಕ!