ಅಂಗಡಿ ಕಟ್ಟೆಯಿಂದ: ಬಯಲೂಟಕ್ಕೊಂದು ಮೇಜು



ಹೋದ ವರ್ಷ ಕಾರ್ತಿಕದ ಅಷ್ಟಾಹ್ನಿಕ ಪರ್ವದಲ್ಲಿ ನಾವು ರಾಯದುರ್ಗದ ಕೆಲವು ಮನೆಯವರು ಮಡಕಶಿರಾ ಸೀಮೆಯ ಒಂದು ಬಸದಿಗೆ ಅಭಿಷೇಕಕ್ಕೆ ಹೋಗಿದ್ದೆವು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ನಾವು ಅನಂತಪುರದಲ್ಲೇ ಉಳಿದೆವು. ಜಿಲ್ಲೆ ಎರಡಾದರೇನು, ಬೀಗತನ ಒಂದೇ.

ಪೂಜೆ ತಡವಾಯಿತು. ಊಟ ಬೇವಿನ ಮರಗಳ ಕೆಳಗೆ. ನೆಲದ ಪಂಕ್ತಿ ಸರಿಯಾಗಿಯೇ ಎದ್ದಿತು. ಆದರೆ ನೆಲದ ಮೇಲೆ ಕೂರಲಾರದ ಹಿರಿಯರಿಗೆಂದು ಹೇಳಿದ್ದ ಬಾಡಿಗೆ ಮೇಜುಗಳು ಬಂದದ್ದೇ ನಾಲ್ಕೂವರೆಗೆ. ಎಲ್ಲವೂ ಕಬ್ಬಿಣದವು, ಒಂದನ್ನು ಇಳಿಸಲು ಇಬ್ಬರು ಬೇಕು. ಅರ್ಧದಷ್ಟರ ಕಾಲು ತುಕ್ಕು ಹಿಡಿದು ಬಿಚ್ಚಲಿಲ್ಲ. ಆ ದಿನಗಳಲ್ಲಿ ನಮ್ಮ ಕಡೆ ಐದೂಮುಕ್ಕಾಲು ದಾಟಿತೆಂದರೆ ಸೂರ್ಯ ಇಲ್ಲ. ಕಟ್ಟುನಿಟ್ಟಾಗಿ ನಡೆಯುವವರು ಅದಕ್ಕೂ ಎರಡು ಗಳಿಗೆ, ಎಂದರೆ 48 ನಿಮಿಷ ಮೊದಲೇ ಕೈ ತೊಳೆಯಬೇಕು.

ನನ್ನ ಅಕ್ಕನಿಗೆ 74 ವರ್ಷ, ರಾತ್ರಿ ಭೋಜನ ಬಿಟ್ಟು ಐವತ್ತು ವರ್ಷದ ಮೇಲಾಯಿತು. ಮೇಜು ನಿಲ್ಲುವ ಹೊತ್ತಿಗೆ ಅವಳ ಹೊತ್ತು ಮೀರಿತ್ತು. ಯಾರಿಗೂ ಹೇಳದೆ ಹೋಗಿ ವ್ಯಾನಿನಲ್ಲಿ ಕುಳಿತಳು. ಅವಳು ಊಟ ಮಾಡಿಲ್ಲ, ನೀರೂ ಕುಡಿದಿಲ್ಲ ಎಂದು ನನಗೆ ತಿಳಿದದ್ದು ಕಲ್ಯಾಣದುರ್ಗ ದಾಟಿದ ಮೇಲೆ. ನಾನು ಮೊದಲನೇ ಪಂಕ್ತಿಯಲ್ಲೇ ಕುಳಿತು ಎರಡು ಹೋಳಿಗೆ ಹಾಕಿಸಿಕೊಂಡಿದ್ದೆ.

ಮುನಿಗಳು ದಿನಕ್ಕೊಮ್ಮೆ, ನಿಂತೇ, ಅಂಗೈಯನ್ನೇ ಪಾತ್ರೆ ಮಾಡಿಕೊಂಡು ಆಹಾರ ತೆಗೆದುಕೊಳ್ಳುತ್ತಾರೆ. ಅವರಿಗೆ ಮೇಜಿನ ಹಂಗಿಲ್ಲ. ಸಂಸಾರಿಗಳಾದ ನಮಗೆ ಎಲೆಯೂ ಬೇಕು, ಎಲೆ ಇಡಲು ಜಾಗವೂ ಬೇಕು. ಕುರ್ಚಿ ಯಾವ ಹಳ್ಳಿಯಲ್ಲಾದರೂ ಬಾಡಿಗೆಗೆ ಸಿಗುತ್ತದೆ. ತೊಡಕಿರುವುದು ಮೇಜಿನಲ್ಲೇ.

ರಾಯದುರ್ಗದ ನಮ್ಮ ಬಡಗಿಯನ್ನು ಕರೆದು ಕೂರಿಸಿಕೊಂಡೆ. ಅವನಿಗೆ ತೋರಿಸಿದ್ದು ಮನೆಯಲ್ಲಿ ಶಾಸ್ತ್ರ ಇಟ್ಟು ಓದುವ ವ್ಯಾಸಪೀಠವನ್ನು. ಕತ್ತರಿಯಂತೆ ತೆರೆಯುತ್ತದೆ, ಮಡಿಸಿದರೆ ಒಂದು ಹಲಗೆಯಷ್ಟಾಗುತ್ತದೆ. ಅದೇ ಬಗೆಯಲ್ಲಿ ನಾಲ್ಕು ಕಾಲಿನ ಎರಡು ಸ್ಟ್ಯಾಂಡು, ಮೇಲೆ ಒಂದು ಹಲಗೆ, ಇಷ್ಟೇ ಮೇಜು. ಬ್ರಿಟಿಷರ ಕಾಲದಲ್ಲಿ ರೂರ್ಕಿಯ ಹೆಸರಿನಲ್ಲೇ ಸೈನ್ಯದವರ ಒಂದು ಕುರ್ಚಿ ಇತ್ತಂತೆ. ಮೊಳೆ ಇಲ್ಲ, ಅಂಟಿಲ್ಲ, ಬಿಚ್ಚಿ ಕಟ್ಟು ಕಟ್ಟಿ ಒಯ್ಯುವುದು. ಅದಕ್ಕೆ ಬಿಗಿಯುವುದು ಚರ್ಮದ ಪಟ್ಟಿ. ನಮಗೆ ಅದು ಸಲ್ಲ. ಕಾಲುಗಳು ಹೆಚ್ಚು ಅಗಲವಾಗದಂತೆ ಮಂಚಕ್ಕೆ ಹಾಕುವ ಹತ್ತಿಯ ನವಾರು ಕಟ್ಟಿಸಿದೆ.

ಹಲಗೆಯ ಲೆಕ್ಕ ವ್ಯಾಪಾರಿಗಳಿಗೆ ಹಿಡಿಸಬಹುದು. ನೀರು ತಡೆಯುವ 12 ಮಿಲಿಮೀಟರ್ ಪ್ಲೈವುಡ್ಡು 8 ಅಡಿಗೆ 4 ಅಡಿಯ ಹಾಳೆಯಾಗಿ ಬರುತ್ತದೆ. ಉದ್ದಕ್ಕೆ ಮೂರು ಸೀಳು ಮಾಡಿದರೆ ತಲಾ 16 ಇಂಚು ಅಗಲ, ಚೂರೂ ದಂಡವಿಲ್ಲ. ಎಲೆಗೆ ಎರಡು ಅಡಿಯಂತೆ ಒಂದು ಹಲಗೆಗೆ ನಾಲ್ಕು ಜನ. ನಾಲ್ಕು ಹಾಳೆಗೆ ಹನ್ನೆರಡು ಮೇಜು, 48 ಜನ. ಒಂದೇ ಕಡೆ ಕೂರಿಸಬೇಕು, ಎದುರುಗಡೆ ಬಡಿಸುವವರು ಓಡಾಡುತ್ತಾರೆ. ನಡು ಜೋಲದಂತೆ ಕೆಳಗೆ ಒಂದು ರೀಪು ಹೊಡೆಸಿದ್ದೇವೆ. ಹಲಗೆಯ ತೂಕ ಹತ್ತು ಕಿಲೋದೊಳಗೇ, ಒಬ್ಬ ಹುಡುಗ ಹೆಗಲಿಗೆ ಹಾಕಿಕೊಂಡು ನಡೆಯುತ್ತಾನೆ. ಎತ್ತರ 28 ಇಂಚು. ನಾನು 30 ಎಂದಿದ್ದೆ, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದ ಮೇಲೆ ಇಳಿಸಿದೆ. ಮುದುಕರ ತೋಳು ಮೇಲೇಳುವುದಿಲ್ಲ.

ಗಾಳಿಯ ಮಾತೂ ಉಂಟು. ಗಾಳಿಯಂತ್ರ ನೆಟ್ಟಿರುವ ಜಿಲ್ಲೆ ನಮ್ಮದು, ಬಯಲಿನಲ್ಲಿ ಬಾಳೆಲೆ ಸಾರಿನ ಸಮೇತ ಹಾರಿದ್ದನ್ನು ಕಂಡಿದ್ದೇನೆ. ಬಡಿಸುವವರ ಕಡೆ ಅರ್ಧ ಇಂಚಿನ ಪಟ್ಟಿ ಹೊಡೆಸಿದೆ. ಉಣ್ಣುವವರ ಕಡೆ ಬೇಡ, ಒರೆಸಿ ತೊಳೆಯಲು ಅಡ್ಡಿ.

ಪೈಪಿನ ಕಾಲು ಹಗುರವೆಂದು ಕೆಲವರು ಹೇಳಿದರು. ಬಾಯಿ ಮುಚ್ಚದ ಪೈಪನ್ನು ಗೋದಾಮಿನಲ್ಲಿಟ್ಟರೆ ಇರುವೆ, ಕಣಜದ ಹುಳು ಒಳಗೆ ಸಂಸಾರ ಹೂಡುತ್ತವೆ. ಕಾಲು ಬಿಚ್ಚುವಾಗ ಅವುಗಳ ಗತಿಯೇನು? ಅದಕ್ಕೇ ಮರದ ಕಾಲು. ಹಲಗೆಗೆ ತಿಳಿ ಬಣ್ಣ, ಸಣ್ಣ ಇರುವೆಯೂ ಕಾಣುವಂತೆ. ಬಿಚ್ಚುವ ಮೊದಲು ಮೆತ್ತನೆ ಬಟ್ಟೆಯಿಂದ ಸಂದು ಸವರಬೇಕು. ಹುಡುಗರು ಇದನ್ನೇ ಮರೆಯುತ್ತಾರೆ, ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಈ ಫಾಲ್ಗುಣದಲ್ಲಿ ಮತ್ತೆ ಅದೇ ಬಸದಿಗೆ ಹೋದೆವು. ಆರು ಹುಡುಗರು ಹನ್ನೆರಡು ಮೇಜನ್ನು ಕಾಲು ಗಂಟೆಯಲ್ಲಿ ನಿಲ್ಲಿಸಿದರು. ಹಿರಿಯರ ಎಲೆ ಮೊದಲು ಬಿತ್ತು. ಅಕ್ಕ ಹೋಳಿಗೆ ಮೆತ್ತಗಿಲ್ಲ ಎಂದಳು, ಮೇಜಿನ ಬಗ್ಗೆ ಏನೂ ಹೇಳಲಿಲ್ಲ.

ಮೇಜುಗಳು ನಮ್ಮ ಗೋದಾಮಿನಲ್ಲಿವೆ. ಪೂಜೆ, ನಾಮಕರಣ ಯಾವುದಕ್ಕಾದರೂ ಒಯ್ಯಬಹುದು, ಬಾಡಿಗೆ ಇಲ್ಲ. ತೊಳೆದು, ಒಣಗಿಸಿ ತಂದಿಟ್ಟರೆ ಸಾಕು. ಹೋದ ತಿಂಗಳು ಒಯ್ದವರಿಂದ ಎರಡು ನವಾರು ಇನ್ನೂ ಬಂದಿಲ್ಲ. ಯಾರೆಂದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.