ಒಡಹುಟ್ಟಿದವರ ಮತ್ಸ್ಯನ್ಯಾಯ

ಅರಸನಿಲ್ಲದ ನಾಡಿನಲ್ಲಿ ಬಲ್ಲಿದರು ದುರ್ಬಲರನ್ನು ನುಂಗುವ ಸ್ಥಿತಿಗೆ ನಮ್ಮ ಪ್ರಾಚೀನರು ‘ಮತ್ಸ್ಯನ್ಯಾಯ’ವೆಂದು ಹೆಸರಿಟ್ಟರು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಮಾತಿದೆ. ದೊಡ್ಡ ಮೀನು ಅನ್ಯ ಜಾತಿಯ ಸಣ್ಣ ಮೀನನ್ನು ತಿನ್ನುವುದು ಸರ್ವವಿದಿತ. ಆದರೆ ಒಂದೇ ದಿನ ಮೊಟ್ಟೆಯೊಡೆದು ಬಂದ ಮರಿಗಳು ತಮ್ಮತಮ್ಮೊಳಗೇ ನುಂಗಾಡುವ ಸಂಗತಿ ಮೀನು ಸಾಕಣೆಗೆ ಇಳಿದವರಿಗಲ್ಲದೆ ಇತರರ ಅರಿವಿಗೆ ಬರುವುದು ಅಪರೂಪ.

ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಸಿಗುವ, ಮಲೆಯಾಳದ ನೆರೆಯವರು ಕಾಳಾಂಜಿಯೆಂದೂ ತಮಿಳರು ಕೊಡುವಾ ಎಂದೂ ತೆಲುಗರು ಪಂಡುಗಪ್ಪವೆಂದೂ ಕರೆಯುವ ಮೀನನ್ನೇ ನೋಡೋಣ. ಚೆನ್ನೈಯ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ 1997ರಲ್ಲಿ ಸಾಕಿದ ಮೀನುಗಳಿಂದಲೇ ಇದರ ಮರಿ ಪಡೆಯುವುದರಲ್ಲಿ ಯಶಸ್ವಿಯಾಯಿತು. ಬೆಲೆಯುಳ್ಳ ಮೀನು, ಮರಿಯೂ ಅಗ್ಗವಲ್ಲ. ಸಾಲ ತಂದು ಮರಿ ಬಿಟ್ಟ ತರುಣನು ತಿಂಗಳಾದ ಮೇಲೆ ಎಣಿಸಿದರೆ ಲೆಕ್ಕ ಎಷ್ಟೋ ಕಡಿಮೆ. ಸತ್ತದ್ದು ತೇಲಿಲ್ಲ, ಬಲೆ ಹರಿದಿಲ್ಲ. ಸಂಶಯ ಮೊದಲು ಮರಿ ಮಾರಿದವನ ಮೇಲೆ, ಬಳಿಕ ರಾತ್ರಿ ಕಾವಲಿದ್ದವನ ಮೇಲೆ. ಇದೇ ಕಾರಣದಿಂದ ದಾಯಾದಿಗಳ ನಡುವೆ ಮಾತು ನಿಂತದ್ದನ್ನೂ ನಾವು ಕೇಳಿದ್ದೇವೆ.

ಕಳ್ಳನಿರುವುದು ಬಲೆಯ ಒಳಗೆ. ಈ ಜಾತಿಯ ಮರಿ ತನ್ನ ಉದ್ದದ ಸುಮಾರು ಮೂರನೆಯ ಎರಡು ಪಾಲು ಉದ್ದವಿರುವ ಸೋದರನನ್ನು ನುಂಗಬಲ್ಲದು. 9 ಸೆಂಟಿಮೀಟರಿನ ಮರಿಗೆ 6 ಸೆಂಟಿಮೀಟರಿನದು ಒಂದು ತುತ್ತು. ನುಂಗಿದ್ದು ಬೇಗ ಬೆಳೆಯುತ್ತದೆ, ಬೆಳೆದಂತೆಲ್ಲ ಅದಕ್ಕೆ ಬಾಯಿಗೆ ಎಟಕುವ ಮರಿಗಳ ಸಂಖ್ಯೆ ಹೆಚ್ಚುತ್ತದೆ. ಹಸಿವು, ಇಕ್ಕಟ್ಟು ಸೇರಿದರೆ ಕೇಳುವುದೇ ಬೇಡ.

ದೊಡ್ಡವನ್ನು ಹಿಡಿದು ಕೊಂದುಬಿಡಿ ಎಂದು ಹೇಳುವವರಿದ್ದಾರೆ. ನಮಗಿದು ಒಪ್ಪಿಗೆಯಿಲ್ಲ. ಚೆನ್ನಾಗಿ ಬೆಳೆಯುವ ಮರಿಯೇ ಸಾಕುವವನ ಆಸ್ತಿ. ಅದನ್ನು ತನ್ನ ಸಮಾನರ ಜೊತೆಗೆ ಇರಿಸಿದರೆ ಸಾಕು. ಗಾತ್ರಕ್ಕನುಗುಣವಾಗಿ ಮರಿಗಳನ್ನು ಬೇರೆ ಬೇರೆ ಬಲೆಗಳಿಗೆ ವಿಂಗಡಿಸುವುದೇ ಇದಕ್ಕೆ ಪರಿಹಾರ. ಒಮ್ಮೆ ವಿಂಗಡಿಸಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ, ಏಳರಿಂದ ಹತ್ತು ದಿನಕ್ಕೊಮ್ಮೆಯಾದರೂ ನಡೆಯಬೇಕು. ಜೂನ್ ತಿಂಗಳಲ್ಲಿ ಪ್ರಾರ್ಥನೆಗೆ ಎತ್ತರದ ಕ್ರಮದಲ್ಲಿ ನಿಲ್ಲಿಸಿದ ಹುಡುಗರ ಸಾಲು ಓಣಂ ರಜೆ ಮುಗಿಯುವುದರೊಳಗೆ ಏರುಪೇರಾಗಿರುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಮೀನಿಗಾದರೋ ಒಂದು ವಾರವೇ ಹೆಚ್ಚು.

ಬೆಳಗಿನ ತಂಪಿನಲ್ಲಿ, ಮೇವು ಹಾಕುವ ಮೊದಲು ಈ ಕೆಲಸ ಮಾಡುವುದು ಲೇಸು. ಪ್ರತಿ ಸಲವೂ ಎಣಿಸಿ ಪುಸ್ತಕದಲ್ಲಿ ಬರೆದಿಡಬೇಕು. ಮೇವನ್ನು ಒಂದೇ ಸಲ ಸುರಿಯದೆ ದಿನಕ್ಕೆ ಹಲವು ಬಾರಿ ಹಂಚಿ, ಸಣ್ಣವುಗಳಿಗೂ ಸಿಗುವಂತೆ ಎರಚಬೇಕು. ಮರಿ 15 ಸೆಂಟಿಮೀಟರು ದಾಟಿದ ಮೇಲೆ ಈ ಹಾವಳಿ ಬಹುಮಟ್ಟಿಗೆ ತಗ್ಗುತ್ತದೆ. ಆಮೇಲೂ ಲೆಕ್ಕ ತಪ್ಪಿದರೆ ನೀರುನಾಯಿಯ ಹೆಜ್ಜೆ ಹುಡುಕಬಹುದು.