ತಾತನ ಠೇವಣಿ, ಮಗನ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರ ಕಾಲದಲ್ಲಿ ಬ್ಯಾಂಕಿನ ಮಾಸಿಕ ಕಂತು ಇರಲಿಲ್ಲ. ಇದ್ದಿದ್ದರೆ ‘ಸಾಲ ತೀರಿಸಿ ನೋಡು’ ಎಂಬುದನ್ನೂ ಸೇರಿಸುತ್ತಿದ್ದರು. ಈ ವಾರ ಮೊದಲ ಮನೆ ಕೊಳ್ಳುವ ಲೆಕ್ಕ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಶೇಕಡಾ ಲೆಕ್ಕ ಬಂದರೆ ಸಾಕು. ತಾತ, ಅಜ್ಜಿಯರೂ ಪಕ್ಕದಲ್ಲಿ ಕೂತಿರಲಿ, ಏಕೆಂದರೆ ಇದು ಅವರ ದುಡ್ಡಿನ ವಿಷಯವೂ ಹೌದು.

ಮೈಸೂರಿನ ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಖಾಸಗಿ ಶಾಲೆಯಲ್ಲಿ ದುಡಿದವರು, ಪಿಂಚಣಿ ಇಲ್ಲ. ಇರುವುದು 10 ಲಕ್ಷ ರೂಪಾಯಿಯ ಠೇವಣಿ. ಶೇ. 7ರ ಬಡ್ಡಿಯಾದರೆ ವರ್ಷಕ್ಕೆ 70,000, ಅಂದರೆ ತಿಂಗಳಿಗೆ ಐದು ಸಾವಿರದ ಎಂಟುನೂರು ಚಿಲ್ಲರೆ. ಗಂಡ ಹೆಂಡತಿ ಇಬ್ಬರ ಮಾತ್ರೆ, ಡಾಕ್ಟರ ಖರ್ಚು ನಡೆಯುವುದು ಅದರಲ್ಲೇ. ಮಗ 50 ಲಕ್ಷದ ಒಂದು ಹಳೆಯ ಮನೆ ನೋಡಿದ. ಮೇಷ್ಟ್ರು ಠೇವಣಿ ಮುರಿಸಿ ಕೊಡುತ್ತೇನೆಂದು ಹೊರಟರು. ನನ್ನ ಹತ್ತಿರ ಬಂದು, “ಮಗನಿಗಲ್ಲದೆ ಇನ್ಯಾರಿಗೆ ಇಟ್ಟುಕೊಳ್ಳಲಿ ಹೇಳಿ?” ಎಂದರು. ಜೊತೆಗೆ ಏಳನೇ ತರಗತಿಯ ಮೊಮ್ಮಗಳೂ ಬಂದಿದ್ದಳು. ಅವಳ ಕೈಗೇ ಕಾಗದ ಕೊಟ್ಟೆ.

ಸಾಲ 30 ಲಕ್ಷ ದಾಟಿ 75 ಲಕ್ಷದವರೆಗೆ ಇದ್ದರೆ, ಮನೆಯ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. 50 ಲಕ್ಷಕ್ಕೆ ಸಿಗುವುದು ಹೆಚ್ಚೆಂದರೆ 40 ಲಕ್ಷ. ಉಳಿದ 10 ಲಕ್ಷ ಕೈಯಿಂದ ಹಾಕಬೇಕು. ಅಷ್ಟೇ ಅಲ್ಲ, ಮುದ್ರಾಂಕ ಶುಲ್ಕ ಶೇ. 5 ಅಂದರೆ ಎರಡೂವರೆ ಲಕ್ಷ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ. ಎಲ್ಲ ಕೂಡಿಸಿದರೆ ಮೂರೂವರೆ ಲಕ್ಷ ದಾಟಿತು. ಮನೆ ಹುಡುಕುವವರು ಈ ಬಾಬತ್ತನ್ನು ಮರೆಯುವುದೇ ಹೆಚ್ಚು. ಮಗನ ಉಳಿತಾಯ 15 ಲಕ್ಷ, ಅಲ್ಲಿಗೆ ಬಹುಪಾಲು ಖಾಲಿ.

ಇನ್ನು ಕಂತು. 40 ಲಕ್ಷ, ಶೇ. 8.5 ಬಡ್ಡಿ, 20 ವರ್ಷ. ತಿಂಗಳಿಗೆ 34,713 ರೂಪಾಯಿ. ಮೊದಲ ತಿಂಗಳ ಬಡ್ಡಿ ಎಷ್ಟೆಂದು ಹುಡುಗಿಯನ್ನು ಕೇಳಿದೆ. 40 ಲಕ್ಷಕ್ಕೆ ವರ್ಷದ ಬಡ್ಡಿ 3,40,000, ಅದನ್ನು ಹನ್ನೆರಡರಿಂದ ಭಾಗಿಸಿದಳು. 28,333.

“ಹಾಗಾದ್ರೆ ಸಾಲಕ್ಕೆ ಹೋಗೋದು ಆರು ಸಾವಿರ ಮಾತ್ರನಾ?” ಎಂದು ಕಣ್ಣರಳಿಸಿದಳು.

ಹೌದು, 6,380. ಅದನ್ನು ಕಳೆದ ಮೇಲೆ ಉಳಿಯುವ ಅಸಲಿಗೆ ಮುಂದಿನ ತಿಂಗಳ ಬಡ್ಡಿ. ಹೀಗೆ ಬಡ್ಡಿ ಇಳಿಯುತ್ತಾ, ಅಸಲು ತೀರುವ ಪಾಲು ಏರುತ್ತಾ ಹೋಗುತ್ತದೆ. ಆದರೆ ಬಹಳ ನಿಧಾನ. 240 ಕಂತು ಕಟ್ಟಿ ಮುಗಿಸುವಾಗ ಒಟ್ಟು 83 ಲಕ್ಷದ 31 ಸಾವಿರ. ಪಡೆದ ಸಾಲಕ್ಕಿಂತ ಬಡ್ಡಿಯೇ ದೊಡ್ಡದು.

ಮಗನ ಕೈಗೆ ಬರುವ ಸಂಬಳ 80,000. ಕಂತುಗಳೆಲ್ಲ ಸೇರಿ ಸಂಬಳದ ಶೇ. 40 ದಾಟಬಾರದು ಎಂಬುದು ನನ್ನ ಅಳತೆಗೋಲು. ಇಲ್ಲಿ 43 ದಾಟುತ್ತದೆ. ಅದಕ್ಕೇ ಮೇಷ್ಟ್ರಿಗೆ ಠೇವಣಿಯ ಯೋಚನೆ. ಅವರ 10 ಲಕ್ಷ ಹಾಕಿದರೆ ಸಾಲ 30 ಲಕ್ಷಕ್ಕೆ ಇಳಿದು ಕಂತು 26,035 ಆಗುತ್ತದೆ. ಲೆಕ್ಕ ಸರಿಯೇ. ಆದರೆ ಆಮೇಲೆ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಎಂದರೆ ಮಗನ ಮುಂದೆ ಕೈಚಾಚಬೇಕು, ಅವನ ಉಳಿತಾಯವೂ ಆಗ ಬರಿದಾಗಿರುತ್ತದೆ. ಅರವತ್ತೆಂಟರ ವಯಸ್ಸಿನಲ್ಲಿ 10 ಲಕ್ಷ ಮತ್ತೆ ಕೂಡಿಸುವುದಕ್ಕಾಗುತ್ತದೆಯೇ? ಮಗನಿಗಾದರೆ ಮುಂದೆ ಇಪ್ಪತ್ತೈದು ವರ್ಷದ ದುಡಿಮೆ ಇದೆ. “ಮೇಷ್ಟ್ರೇ, ಠೇವಣಿ ಮುಟ್ಟಬೇಡಿ, ಬೆಲೆ ಇಳಿಸಿ ನೋಡಿ” ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು. ಅಜ್ಜಿಗೆ ಆಗಲಿಲ್ಲವೆಂದು ಆಮೇಲೆ ತಿಳಿಯಿತು.

40 ಲಕ್ಷದ ಮನೆಯಾದರೆ 30 ಲಕ್ಷ ಸಾಲ, 10 ಲಕ್ಷ ಕೈಯಿಂದ, ನೋಂದಣಿಗೆ ಸುಮಾರು ಮೂರು ಲಕ್ಷ. ಇನ್ನೆರಡು ಲಕ್ಷ ಆಪತ್ತಿಗೆ ಉಳಿಯುತ್ತದೆ. ಕಂತು ಅದೇ 26,035, ತಾತನ ದುಡ್ಡು ತಾತನ ಹತ್ತಿರವೇ. ಒಂದು ಕೋಣೆ ಕಡಿಮೆ, ಪೇಟೆಯಿಂದ ಸ್ವಲ್ಪ ದೂರ. ಮೊಮ್ಮಗಳಿಗೆ ಬೇರೆ ಕೋಣೆಯ ಆಸೆಯಿತ್ತು ಪಾಪ, ಮುಖ ಸಣ್ಣಗಾಯಿತು.

ಅವಳ ಮನಸ್ಸು ತಿರುಗಿಸಲು ಇನ್ನೊಂದು ಲೆಕ್ಕ ಕೊಟ್ಟೆ. ಇದೇ 30 ಲಕ್ಷವನ್ನು 15 ವರ್ಷದಲ್ಲಿ ತೀರಿಸಿದರೆ ಕಂತು 29,542. ತಿಂಗಳಿಗೆ 3,507 ಹೆಚ್ಚು. 20 ವರ್ಷಕ್ಕೆ ಕಟ್ಟುವುದು 62.48 ಲಕ್ಷ, 15 ವರ್ಷಕ್ಕೆ 53.18 ಲಕ್ಷ. “ಒಂಬತ್ತು ಲಕ್ಷ ಮೂವತ್ತು ಸಾವಿರ ಉಳೀತು ತಾತ!” ಎಂದು ಕೂಗಿಕೊಂಡಳು. ಮೊದಲೇ 15 ವರ್ಷವೆಂದು ಬರೆಸಿಕೊಳ್ಳುವ ಧೈರ್ಯವಿಲ್ಲದಿದ್ದರೆ, 20 ವರ್ಷಕ್ಕೇ ತೆಗೆದುಕೊಂಡು ಬೋನಸ್ ಬಂದಾಗ ಅಸಲಿಗೆ ಕಟ್ಟಬಹುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಆದರೆ ಆ ಬಡ್ಡಿದರ ಏರಲೂಬಹುದು. ಅದಕ್ಕೇ ಕಂತನ್ನು ಕುತ್ತಿಗೆಯವರೆಗೆ ತಂದುಕೊಳ್ಳಬಾರದು.

ಇನ್ನು ಕಾಗದಪತ್ರ. ಹಳೆಯ ಮನೆಯಾದ್ದರಿಂದ ಮೂವತ್ತು ವರ್ಷದ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಲು ಹೇಳಿದ್ದೇನೆ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಖಾತೆ, ಕಂದಾಯದ ರಸೀದಿ, ಹಿಂದಿನ ಕ್ರಯಪತ್ರಗಳು ಒಂದಕ್ಕೊಂದು ಹೊಂದಬೇಕು. ಇ.ಸಿ.ಯಲ್ಲಿ ನೋಂದಣಿಯಾದದ್ದು ಮಾತ್ರ ಕಾಣುತ್ತದೆ, ಆದ್ದರಿಂದ ಮೂಲ ಪತ್ರಗಳನ್ನೇ ಕಣ್ಣಾರೆ ನೋಡಬೇಕು, ಜೆರಾಕ್ಸ್ ನಂಬಬಾರದು. ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು.

ಮೇಷ್ಟ್ರ ಮಗ ಈಗ ನೋಡಿರುವ ಎರಡನೇ ಮನೆಯ ಮಾಲೀಕರು, ಭಾನುವಾರದೊಳಗೆ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಎನ್ನುತ್ತಿದ್ದಾರಂತೆ. ಇ.ಸಿ. ಇನ್ನೂ ಕೈಗೆ ಬಂದಿಲ್ಲ. ಬೇರೆಯವರಿಗೇ ಹೋಗಲಿ ಬಿಡು ಎಂದು ಮೇಷ್ಟ್ರೇ ಮಗನಿಗೆ ಹೇಳಿದ್ದಾರೆ.